ಸಾವಿನ ಮನೆಯ ಸುತ್ತ: ಕಡಿಮೆ ಬಂಡವಾಳದ ಕನ್ನಡ ಚಿತ್ರಗಳ ಆಕೃತಿ ಮತ್ತು ಭೀಮಾ ತೀರ

ಕನ್ನಡದ ಹೊಸ ಅಲೆಯ ಚಿತ್ರಗಳನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ‘ಕಡಿಮೆ ಬಂಡವಾಳ’ ಎಂಬ ಮಾತು ಸಾಮಾನ್ಯವಾಗಿ ಪ್ರಶಂಸೆಯ ರೂಪದಲ್ಲಿಯೇ ಬರುತ್ತದೆ. ಇಷ್ಟು ಕಡಿಮೆ ಹಣದಲ್ಲಿ ಇಂಥ ಚಿತ್ರ ತೆಗೆದರಲ್ಲ ಎಂದು ಬೆರಗುಪಟ್ಟು, ಬಡತನವು ನಿರ್ದೇಶಕನ ಶೀಲದ ಗುಣವೆಂಬಂತೆ ಹೊಗಳಿ, ಕಥೆಯ ಆಶಯದ ಚರ್ಚೆಗೆ ಸಾಗುವುದು ರೂಢಿ. ಹಣದ ಕೊರತೆಯು ಚಿತ್ರದ ಒಳಗೆ ಏನು ಮಾಡಿತು, ಯಾವ ಬಗೆಯ ಕಥೆಯನ್ನು ಆರಿಸಿಕೊಳ್ಳುವಂತೆ ಮಾಡಿತು, ಯಾವುದನ್ನು ಕೈಬಿಡುವಂತೆ ಮಾಡಿತು ಎಂಬ ಪ್ರಶ್ನೆ ಹೀಗೆ ಹಿಂದೆ ಉಳಿದುಬಿಟ್ಟಿದೆ. ಪ್ರಸ್ತುತ ಲೇಖನ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತದೆ. ಇದನ್ನು ನೋಡುತ್ತಿರುವ ನೆಲೆ ಬೆಂಗಳೂರಿನದಲ್ಲ, ಮಲೆನಾಡಿನದೂ ಅಲ್ಲ; ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಒಂದು ಗಡಿಸೀಮೆಯ ಹೋಬಳಿಯದು. ರಾಜಧಾನಿಗಿಂತ ಸೊಲ್ಲಾಪುರವೇ ಹತ್ತಿರವಾಗಿರುವ, ಕನ್ನಡದೊಳಗೆ ಮರಾಠಿಯೂ ಉರ್ದುವೂ ಸಹಜವಾಗಿ ಬೆರೆತಿರುವ ಈ ನೆಲಕ್ಕೆ ಕನ್ನಡ ಚಿತ್ರರಂಗದಲ್ಲಿ ದೊರೆತಿರುವ ರೂಪವನ್ನು ವಿಚಾರಿಸಲು ಹೊರಟರೆ, ಬಂಡವಾಳದ ಪ್ರಶ್ನೆ ತಾನಾಗಿಯೇ ಎದುರು ನಿಲ್ಲುತ್ತದೆ.

ಮೊದಲಿಗೆ ಲೆಕ್ಕದ ಮಾತು. 35 ಮಿ.ಮೀ. ಫಿಲಂ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಸಾವಿರ ಅಡಿಯ ಒಂದು ಡಬ್ಬಿ 11 ನಿಮಿಷಕ್ಕೆ ಮುಗಿಯುತ್ತದೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾಕ್ಕೆ ಹಾಕುತ್ತಿದ್ದ 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷವೂ ಬಾಳದು. ಎರಡು ಗಂಟೆಯ ಚಿತ್ರಕ್ಕೆ 10,800 ಅಡಿ ಬೇಕು. ಪ್ರತಿ ದೃಶ್ಯವನ್ನು ಮೂರು ಸಲ ತೆಗೆಯುವುದಾದರೆ ಅದು 32,400 ಅಡಿಯಾಗುತ್ತದೆ. ಇದರ ಮೇಲೆ ಸಂಸ್ಕರಣೆಯ ಖರ್ಚು, ಪ್ರತಿ ತೆಗೆಸುವ ಖರ್ಚು ಬೇರೆ. ಕೈಯಲ್ಲಿ ಹಣವಿಲ್ಲದ ನಿರ್ದೇಶಕನಿಗೆ ಈ ಲೆಕ್ಕ ಒಂದು ಬಗೆಯ ಛಂದಸ್ಸಿನಂತೆ ಕೆಲಸ ಮಾಡಿದೆ. ದೃಶ್ಯವನ್ನು ತಾಲೀಮಿನಲ್ಲಿಯೇ ಪಕ್ವಗೊಳಿಸಬೇಕು, ಹಲವು ಕೋನಗಳಿಂದ ತೆಗೆದು ಆಮೇಲೆ ಆರಿಸುವ ಸೌಲಭ್ಯ ಅವನಿಗಿಲ್ಲ, ನಟರು ತಪ್ಪಬಾರದು, ಜಾಗ ಬದಲಾಗುತ್ತ ಹೋಗಬಾರದು. ಹೊಸ ಅಲೆಯ ಚಿತ್ರಗಳ ನಿಧಾನಗತಿಯೆಂದು, ದೀರ್ಘ ದೃಶ್ಯಗಳೆಂದು ನಾವು ಗುರುತಿಸುವ ಲಕ್ಷಣಗಳಲ್ಲಿ ಎಷ್ಟು ಭಾಗ ದರ್ಶನದ್ದು, ಎಷ್ಟು ಭಾಗ ಡಬ್ಬಿಗಳ ಸಂಖ್ಯೆಯದು ಎಂದು ಬಿಡಿಸಿ ಹೇಳುವುದು ಕಷ್ಟ. ಬಿಡಿಸಬೇಕಾದ ಅಗತ್ಯವೂ ಇಲ್ಲವೆನ್ನಿ. ಆದರೆ ಈ ಲೆಕ್ಕ ದೃಶ್ಯದ ಉದ್ದವನ್ನು ಮಾತ್ರ ನಿರ್ಧರಿಸಲಿಲ್ಲ, ಕಥಾವಸ್ತುವನ್ನೂ ನಿರ್ಧರಿಸಿತು ಎಂಬುದು ನನ್ನ ಗ್ರಹಿಕೆ.

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಇದಕ್ಕೆ ಮೊದಲ ನಿದರ್ಶನ. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡದ ಒಡನಾಡಿಗಳು, ಗಿರೀಶ ಕಾರ್ನಾಡರು, ಲಂಕೇಶರು, ಸ್ನೇಹಲತಾ ರೆಡ್ಡಿಯವರು, ಆಸ್ಟ್ರೇಲಿಯದಿಂದ ಬಂದ ಛಾಯಾಗ್ರಾಹಕ ಟಾಮ್ ಕೋವನ್ ಇವರೆಲ್ಲ ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ಸೇರಿ ತೆಗೆದ ಈ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲಿಗೆ ನಿಷೇಧಿಸಿದ್ದೂ, ನಂತರ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದದ್ದೂ ಎಲ್ಲರಿಗೂ ತಿಳಿದ ಸಂಗತಿ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಅನಂತಮೂರ್ತಿಯವರ ಕಾದಂಬರಿಯ ವೈಚಾರಿಕ ತೀಕ್ಷ್ಣತೆಯನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ಅದರ ಕಥಾಚೌಕಟ್ಟನ್ನಷ್ಟೇ ನೋಡಿದರೆ, ಬಡ ನಿರ್ಮಾಪಕನಿಗೆ ಇದಕ್ಕಿಂತ ಒಪ್ಪುವ ಚೌಕಟ್ಟು ಸಿಗುವುದು ದುರ್ಲಭ. ಒಂದು ಅಗ್ರಹಾರ, ಒಂದು ಹೆಣ, ಅದನ್ನು ಸುಡುವವರೆಗೆ ಯಾರೂ ಊಟ ಮಾಡುವಂತಿಲ್ಲ. ಸ್ಥಳ ಕಟ್ಟಿಬಿದ್ದಿದೆ, ಕಾಲ ಕಟ್ಟಿಬಿದ್ದಿದೆ, ಇಡೀ ಸಮುದಾಯ ತಾನಾಗಿಯೇ ಒಂದೆಡೆ ಸೇರಿದೆ. ಸೆಟ್ಟು ಹಾಕಿ, ಜನ ಕೂಡಿಸಿ, ಊರಿಂದೂರಿಗೆ ಅಲೆದು ಕಟ್ಟಬೇಕಾದ ನಾಟಕೀಯ ಒತ್ತಡವನ್ನು ಸಾವೊಂದೇ ಒದಗಿಸಿಕೊಡುತ್ತದೆ.

ಏಳು ವರ್ಷಗಳ ತರುವಾಯ ಬಂದ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ದಲ್ಲಿ (1977) ಈ ಚೌಕಟ್ಟು ಇನ್ನಷ್ಟು ಕ್ರೂರವಾಗಿದೆ: ಅಲ್ಲಿ ಬದುಕಿರುವವಳಿಗೇ ಶ್ರಾದ್ಧ. ಪಾಠಶಾಲೆಯ ಹುಡುಗ ನಾಣಿಯ ಕಣ್ಣಳತೆಗೆ ಕಥೆಯನ್ನು ಇಳಿಸಿದ್ದು ಕಲಾತ್ಮಕ ನಿರ್ಧಾರ. ಜೊತೆಗೆ, ಹುಡುಗನಿಗೆ ಕಾಣದ್ದನ್ನು ತೋರಿಸಬೇಕಾಗಿಲ್ಲವಾದ್ದರಿಂದ ಮಿತವ್ಯಯದ ನಿರ್ಧಾರವೂ ಹೌದು. (ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅದೇ ಕಾಲದ ಇತರ ಚಿತ್ರಗಳಿಗೆಲ್ಲ ಆ ಭಾಗ್ಯ ಒದಗಿಲ್ಲವೆಂಬುದನ್ನು ನಮ್ಮ ಗ್ರಂಥಾಲಯಗಳು ನೆನಪಿನಲ್ಲಿಡುವುದು ಒಳ್ಳೆಯದು.) ಮುಂದೆ, ಫಿಲಂ ಸುರುಳಿಯ ಲೆಕ್ಕವೇ ಇಲ್ಲವಾದ ಡಿಜಿಟಲ್ ಯುಗದಲ್ಲಿ, ರಾಮ್ ರೆಡ್ಡಿಯವರ ‘ತಿಥಿ’ (2015) ಬಂದಾಗಲೂ ಕಥೆ ಮತ್ತೆ ಸಾವಿನ ಮನೆಯಲ್ಲಿಯೇ ಆರಂಭವಾಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಸೆಂಚುರಿಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಜಮೀನಿನ ಮಾರಾಟ, ಮರಿಮೊಮ್ಮಗನ ಪ್ರೇಮ, ಊಟದ ಕುರಿಗಳು ಎಲ್ಲವೂ ಇತ್ಯರ್ಥವಾಗಬೇಕು. ನಟನೆಯ ಹಿನ್ನೆಲೆಯಿಲ್ಲದ ಹಳ್ಳಿಗರೇ ಪಾತ್ರಧಾರಿಗಳು. ಆ ಊರಿನ ಒಳಹೊರಗನ್ನು ಬಲ್ಲ ಈರೇಗೌಡರು ಕಥೆಯಲ್ಲಿ ಪಾಲುದಾರರು. ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಪಡೆದ ಈ ಚಿತ್ರದ ಹೆಚ್ಚುಗಾರಿಕೆಯೆಂದರೆ, ಸಾವನ್ನು ಶೋಕದ ಭಾರದಿಂದ ಬಿಡಿಸಿ ನಗೆಯ ವ್ಯವಹಾರವನ್ನಾಗಿ ಮಾಡಿದ್ದು. ಮಗ ತಂದೆಯನ್ನು ಕಾಗದದ ಮೇಲೆ ಕೊಲ್ಲುವ ಹುನ್ನಾರದಲ್ಲಿದ್ದರೆ ತಂದೆ ಗಡ್ಡಪ್ಪ ಆಸ್ತಿಯ ಗೊಡವೆಯೇ ಇಲ್ಲದೆ ಕುರಿಗಾಹಿಗಳ ಜೊತೆ ನಡೆದುಬಿಡುತ್ತಾನೆ. ಚೌಕಟ್ಟು ಹಳೆಯದೇ, ಒಳಗಿನ ಗಾಳಿ ಹೊಸದು.

ಇದು ಕನ್ನಡಕ್ಕೆ ಸೀಮಿತವಾದ ವಿದ್ಯಮಾನವೇನಲ್ಲ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಸಂಗಡಿಗರು 1984ರಲ್ಲಿ ಒಡೆಸ್ಸಾ ಎಂಬ ಬಳಗ ಕಟ್ಟಿ, ಊರೂರು ತಿರುಗಿ, ಚಿತ್ರ ತೋರಿಸಿ, ಜನರಿಂದಲೇ ಹಣ ಕೂಡಿಸಿ ತೆಗೆದ ‘ಅಮ್ಮ ಅರಿಯಾನ್’ (1986) ಚಿತ್ರದ ಕಥೆಯೂ ಒಂದು ಹೆಣದಿಂದಲೇ ಹೊರಡುತ್ತದೆ. ಸತ್ತವನ ಸುದ್ದಿಯನ್ನು ತಾಯಿಗೆ ಮುಟ್ಟಿಸಲು ಒಬ್ಬ ಹೊರಡುತ್ತಾನೆ, ದಾರಿಯುದ್ದಕ್ಕೂ ಗೆಳೆಯರು ಕೂಡಿಕೊಳ್ಳುತ್ತ ಹೋಗುತ್ತಾರೆ. ಇಲ್ಲಿ ಬಡ ಸಿನಿಮಾದ ಎರಡನೆಯ ಆಸರೆ ಕಾಣಿಸುತ್ತದೆ, ದಾರಿ. ಹೆಣದ ಹಾಗೆಯೇ ದಾರಿಗೂ ಬಾಡಿಗೆಯಿಲ್ಲ. ಬ್ರೆಜಿಲ್‌ನ ಗ್ಲೌಬರ್ ರೋಚಾ 1965ರಲ್ಲಿ ಹಸಿವಿನ ಸೌಂದರ್ಯಮೀಮಾಂಸೆಯ ಮಾತೆತ್ತಿದಾಗ, ಕ್ಯೂಬಾದ ಹೂಲಿಯೊ ಗಾರ್ಸಿಯಾ ಎಸ್ಪಿನೋಸಾ 1969ರಲ್ಲಿ ಅಪೂರ್ಣ ಸಿನಿಮಾದ ಪರವಾಗಿ ವಾದಿಸಿದಾಗ, ಅವರ ಒತ್ತು ಬಡತನವನ್ನು ಮುಚ್ಚಿಡದೆ ಅದನ್ನೇ ಭಾಷೆಯಾಗಿಸುವುದರ ಮೇಲಿತ್ತು. ಆ ವಾದಗಳನ್ನು ಓದುವಾಗ ನನಗೊಂದು ಅನುಮಾನ ಉಳಿಯುತ್ತದೆ. ಹಸಿವು ಯಾರದು, ಅದನ್ನು ಭಾಷೆಯಾಗಿಸಿಕೊಳ್ಳುವವರು ಯಾರು? ಈ ಎರಡರ ನಡುವಿನ ಅಂತರವನ್ನು ಅವು ಸಾಕಷ್ಟು ಅಳೆಯುವುದಿಲ್ಲ.

ಆ ಅಂತರ ನಮ್ಮ ಸೀಮೆಯ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿ ಕಾಸರವಳ್ಳಿಯವರು ತೆಗೆದ ‘ಕನಸೆಂಬ ಕುದುರೆಯನೇರಿ’ (2010) ಇಲ್ಲಿ ವಿವರವಾದ ಪರಿಶೀಲನೆಗೆ ಅರ್ಹವಾದದ್ದು. ಕುಣಿ ತೋಡುವ ಈರ್‍ಯಾನ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಸಾವು ಖಚಿತ ಎಂಬುದು ಅವನ ನಂಬಿಕೆ. ಸಿದ್ಧ ಬಂದ, ಹಾಸಿಗೆ ಹಿಡಿದ ದೊಡ್ಡಗೌಡರು ಹೋದರೆಂದು ತಿಳಿದು ಈರ್‍ಯಾ ವಾಡೆಗೆ ಬರುತ್ತಾನೆ. ಯಾರೂ ಸತ್ತಿಲ್ಲವೆಂಬ ಉತ್ತರ ದೊರೆಯುತ್ತದೆ. ಅವನ ಕನಸು ಸುಳ್ಳಾಗುತ್ತದೆ, ಅವನ ಬದುಕಿನ ಆಧಾರವೇ ಕುಸಿಯುತ್ತದೆ. ಚಿತ್ರ ಅಲ್ಲಿಗೆ ನಿಂತು, ಅದೇ ದಿನಗಳನ್ನು ವಾಡೆಯ ಒಳಗಿನಿಂದ ಮತ್ತೊಮ್ಮೆ ಹೇಳುತ್ತದೆ. ಗೌಡರು ತೀರಿಕೊಂಡಿದ್ದಾರೆ, ಜಮೀನಿನ ವ್ಯವಹಾರ ಕೆಡಬಾರದೆಂದು ಸಾವನ್ನು ಮುಚ್ಚಿಡಲಾಗಿದೆ.

ಒಂದೇ ಘಟನಾವಳಿಯನ್ನು ಎರಡು ಸಲ ಹೇಳುವ ಈ ವಿನ್ಯಾಸವನ್ನು ಸತ್ಯದ ಬಹುಮುಖತೆಯ ದೃಷ್ಟಿಯಿಂದ ಈಗಾಗಲೇ ಚರ್ಚಿಸಲಾಗಿದೆ. ಇದರ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿಯೂ ಸಂದಿದೆ. ನನಗೆ ಮುಖ್ಯವಾಗಿ ಕಾಣುವುದು ಈ ವಿನ್ಯಾಸದ ಮಿತವ್ಯಯ. ಅದೇ ವಾಡೆ, ಅದೇ ಬಾಗಿಲು, ಅದೇ ಜನ. ಎರಡನೆಯ ಭಾಗಕ್ಕೆ ಹೊಸ ಲೋಕವನ್ನು ಕಟ್ಟಬೇಕಾಗಿಲ್ಲ. ಗೋಡೆಯ ಈಚೆಗಿದ್ದ ಕ್ಯಾಮೆರಾ ಆಚೆಗೆ ಹೋಗಿದೆ, ಅಷ್ಟೆ. ಆದರೆ ಆ ಗೋಡೆಯೇ ಈರ್‍ಯಾ ದಾಟಲಾಗದ ಗೋಡೆ. ಅವನು ಒಳಗೆ ಬರುವಂತಿದ್ದರೆ ಅವನ ಕನಸು ನಿಜವೆಂದು ಅವನಿಗೆ ತಿಳಿಯುತ್ತಿತ್ತು. ಪ್ರೇಕ್ಷಕನಿಗೆ ದೊರೆತ ಪ್ರವೇಶ ಅವನಿಗಿಲ್ಲ. ಕೊರತೆಯಿಂದ ಹುಟ್ಟಿದ ಉಪಾಯ ಇಲ್ಲಿ ಜಾತಿಯ, ಅಧಿಕಾರದ ಮೀಮಾಂಸೆಯಾಗಿ ಮಾರ್ಪಟ್ಟಿದೆ. ಕಡಿಮೆ ಬಂಡವಾಳದ ಕನ್ನಡ ಚಿತ್ರ ಮುಟ್ಟಿರುವ ಎತ್ತರಗಳಲ್ಲಿ ಇದೊಂದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕೆಲವು ವರ್ಷಗಳ ಹಿಂದೆ ಕರಜಗಿಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಹತ್ತಾರು ಜನರೊಡನೆ ಈ ಚಿತ್ರವನ್ನು ಮತ್ತೆ ನೋಡುವ ಅವಕಾಶ ಒದಗಿತ್ತು. ಈರ್‍ಯಾನ ಪಾತ್ರದ ವೈಜನಾಥ ಬಿರಾದಾರರು ಬಾಯಿ ತೆರೆದೊಡನೆ ಮುಂದೆ ಕುಳಿತಿದ್ದ ಹಿರಿಯರೊಬ್ಬರು, ‘ಇವ ನಮ್ಮ ಕಡಿಯವನೇ ಹಾನ್ರಿ, ಉಳದೋರು ಕಲ್ತು ಮಾತಾಡ್ಲತ್ತಾರ’ ಎಂದರು. ಬಿರಾದಾರರು ಬೀದರ ಜಿಲ್ಲೆಯವರು. ಈ ಪಾತ್ರಕ್ಕೆ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು. ಅದಕ್ಕೆ ಮುಂಚೆ ಅವರು ನೂರಾರು ಚಿತ್ರಗಳಲ್ಲಿ ಭಿಕ್ಷುಕ, ಕುಡುಕ ಮುಂತಾದ ಸಣ್ಣ ಹಾಸ್ಯ ಪಾತ್ರಗಳಲ್ಲಿ ದುಡಿದಿದ್ದರು ಎಂಬುದು ಆ ಪ್ರಶಸ್ತಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಚಿತ್ರ ಮುಗಿದ ಮೇಲೆ ಅದೇ ಹಿರಿಯರು ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: ‘ಯಾರರೆ ಸತ್ತಾಗಷ್ಟೇ ನಮ್ಮೂರಿಗಿ ಬರ್ತಾರೇನ್ರಿ ಈ ಸಿನಿಮಾದೋರು?’

ಆ ಪ್ರಶ್ನೆ ಆ ಒಂದು ಚಿತ್ರಕ್ಕೆ ಅನ್ಯಾಯವೆನಿಸಬಹುದು, ಒಟ್ಟು ಪರಂಪರೆಗೆ ಅನ್ಯಾಯವಲ್ಲ. ಎಂ.ಎಸ್. ಸತ್ಯು ಅವರ ‘ಬರ’ (1982) ಒಣನೆಲವನ್ನು ಜಿಲ್ಲಾಡಳಿತದ ತರುಣ ಅಧಿಕಾರಿಯ ಕಣ್ಣಿನಿಂದ ನೋಡಿತು. ಮಂಸೋರೆಯವರ ‘ಹರಿವು’ (2014) ಉತ್ತರ ಕರ್ನಾಟಕದ ತಂದೆಯೊಬ್ಬ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆ ಒಯ್ಯುವ ಕಥೆ. ಹೆಣ ಮತ್ತು ದಾರಿ ಎರಡೂ ಅಲ್ಲಿ ಕೂಡಿವೆ. ಉತ್ಸವ್ ಗೋನವಾರರ ‘ಫೋಟೋ’ದಲ್ಲಿ ವಿಧಾನಸೌಧದ ಎದುರು ನಿಂತು ಚಿತ್ರ ತೆಗೆಸಿಕೊಳ್ಳುವ ಆಸೆ ಹೊತ್ತ ರಾಯಚೂರು ಸೀಮೆಯ ಹುಡುಗ ದುರ್ಗ್ಯಾ ತಂದೆಯಿರುವ ಬೆಂಗಳೂರಿಗೆ ಬರುತ್ತಾನೆ, 2020ರ ಲಾಕ್‌ಡೌನ್ ಅವರನ್ನು ಕಾಲ್ನಡಿಗೆಯಲ್ಲಿ ಊರ ಕಡೆ ಹೊರಡಿಸುತ್ತದೆ. ಈ ಚಿತ್ರಗಳ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ‘ಫೋಟೋ’ದ ಮಾತಿನಲ್ಲಂತೂ ನೆಲದ ಸ್ವರ ಕೇಳುತ್ತದೆ. ಆದರೆ ಒಟ್ಟಿಗೆ ಇಟ್ಟು ನೋಡಿದಾಗ ಬರ, ಹೆಣ, ಗುಳೆ ಈ ಮೂರು ಬಿಟ್ಟು ಬೇರೇನೂ ಈ ಸೀಮೆಯಲ್ಲಿ ನಡೆಯುವುದಿಲ್ಲವೆಂಬ ಭಾವನೆ ಹುಟ್ಟುತ್ತದೆ. ಇತ್ತ ವ್ಯಾಪಾರಿ ಚಿತ್ರಕ್ಕೆ ಹಣವಿತ್ತು. ‘ಭೀಮಾ ತೀರದಲ್ಲಿ’ (2012) ಇದೇ ನದಿಯ ದಂಡೆಯನ್ನು ಪಿಸ್ತೂಲು, ಸೇಡುಗಳ ನಾಡನ್ನಾಗಿ ತೋರಿಸಿತು. ಹಣವಿದ್ದವರಿಗೆ ಇಲ್ಲಿ ಕೊಲೆ ಕಂಡಿತು, ಹಣವಿಲ್ಲದವರಿಗೆ ಕೊಲೆಯಿಲ್ಲದ ಸಾವು ಕಂಡಿತು. ತೊಗರಿಯ ರಾಶಿ ಮಾಡಿ ಸಂಜೆ ಕಟ್ಟೆಯ ಮೇಲೆ ಕುಳಿತು ಹರಟುವ ಮನುಷ್ಯ ಇಬ್ಬರಿಗೂ ಕಾಣಲಿಲ್ಲ.

ಕಾಣದಿರಲು ಕಾರಣವೇನು? ದಿನದ ಖರ್ಚು ಎಂಬುದು ನನ್ನ ಉತ್ತರ. ಹೊರಗಿನಿಂದ ಬರುವ ತಂಡಕ್ಕೆ ವಸತಿ, ಊಟ, ವಾಹನ, ಬಾಡಿಗೆಯ ಉಪಕರಣ ಎಲ್ಲವೂ ದಿನದ ಲೆಕ್ಕ. ಇಪ್ಪತ್ತು, ಇಪ್ಪತ್ತೈದು ದಿನಗಳಲ್ಲಿ ಚಿತ್ರೀಕರಣ ಮುಗಿಯಬೇಕೆಂದರೆ ಘಟನೆ ತಾನಾಗಿ ಒತ್ತರಿಸಿ ಬರುವಂಥ ಕಥೆ ಬೇಕು. ಸಾವಿಗಿಂತ ಒತ್ತರಿಸುವ ಘಟನೆ ಯಾವುದಿದೆ? ಸಾಮಾನ್ಯ ದಿನಗಳನ್ನು ತೆರೆಗೆ ತರಲು ಕಾಯಬೇಕಾಗುತ್ತದೆ. ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣವನ್ನು 1952ರಲ್ಲಿ ಆರಂಭಿಸಿದಾಗ, ಕಾಶದ ಹೂಗಳ ಬಯಲನ್ನು ಸ್ವಲ್ಪ ತೆಗೆದು ಮರಳಿ ಬರುವಷ್ಟರಲ್ಲಿ ದನಗಳು ಮೇಯ್ದು ಮುಗಿಸಿದ್ದವು. ಮುಂದಿನ ಹೂವಿನ ಕಾಲದವರೆಗೆ ಅವರು ಕಾದರು. ಹಣ ಮುಗಿದು ನಿಂತ ಚಿತ್ರ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ 1955ರಲ್ಲಿ ತೆರೆಕಂಡಿತು. ಆ ನೆರವು ಸರ್ಕಾರಿ ಕಡತದಲ್ಲಿ ರಸ್ತೆ ಅಭಿವೃದ್ಧಿಯ ಬಾಬಿನಲ್ಲಿ ಸೇರಿದ್ದು ಪ್ರಸಿದ್ಧ ಕಥೆ. ಕಾಯಲು ಸಾಧ್ಯವಾದದ್ದು ರಾಯ್ ಅವರಿಗೆ ಜಾಹೀರಾತು ಸಂಸ್ಥೆಯ ಸಂಬಳವಿದ್ದುದರಿಂದ, ಬಯಲು ಕಲ್ಕತ್ತೆಯಿಂದ ಹೋಗಿಬರುವ ದೂರದಲ್ಲಿದ್ದುದರಿಂದ ಎಂಬುದನ್ನೂ ಮರೆಯಬಾರದು.

ಕರಜಗಿಯ ಹೊಲದಲ್ಲಿ ಜೂನ್–ಜುಲೈ ತಿಂಗಳಲ್ಲಿ ಬಿತ್ತಿದ ತೊಗರಿ ದೀಪಾವಳಿಯ ಆಸುಪಾಸಿನಲ್ಲಿ ಹಳದಿ ಹೂ ಬಿಡುತ್ತದೆ, ರಾಶಿಯಾಗುವುದು ಡಿಸೆಂಬರ್–ಜನವರಿಗೆ. ಇಷ್ಟು ಕಾಲ ಕ್ಯಾಮೆರಾ ಹಿಡಿದು ಕಾಯಬಲ್ಲವನು ಅಲ್ಲಿಯೇ ವಾಸಿಸುವವನು ಮಾತ್ರ. ಇಂದು ಅವನ ಕೈಯಲ್ಲಿ ಕ್ಯಾಮೆರಾ ಇದೆ. ಮೊಬೈಲಿನಲ್ಲಿ ತೆಗೆದ ಹಾಸ್ಯದ ತುಣುಕುಗಳು, ಜಾನಪದವೆಂಬ ಹೆಸರಿನ ಹಾಡುಗಳ ವಿಡಿಯೊಗಳು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಯೂಟ್ಯೂಬಿಗೆ ಏರುತ್ತಿವೆ. ಇವುಗಳನ್ನು ವಿದ್ವತ್ ವಲಯ ಕಡೆಗಣಿಸುವುದು ಸರಿಯಲ್ಲ. ಅವುಗಳಲ್ಲಿ ಹೆಚ್ಚಿನವು ಗಂಡ-ಹೆಂಡತಿಯ ಜಗಳದ ಒಂದೇ ನಗೆಯನ್ನು ತಿರುವಿಹಾಕುತ್ತವೆ ಎಂಬುದೂ ಸುಳ್ಳಲ್ಲ. ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ ನಾಸಿರ್ ಶೇಖ್ ಮತ್ತು ಗೆಳೆಯರು ವಿಡಿಯೊ ಕ್ಯಾಮೆರಾ ಹಿಡಿದು ‘ಶೋಲೆ’ಯ ಅಣಕು ರೂಪ ತೆಗೆದದ್ದನ್ನು, ಸೈಕಲ್ಲು, ಎತ್ತಿನ ಗಾಡಿಗಳನ್ನೇ ಟ್ರಾಲಿ, ಕ್ರೇನ್‌ಗಳನ್ನಾಗಿ ಬಳಸಿದ್ದನ್ನು ಫೈಜಾ ಅಹ್ಮದ್ ಖಾನ್ ಅವರ ಸಾಕ್ಷ್ಯಚಿತ್ರ (2008) ಲೋಕಕ್ಕೆ ತಿಳಿಸಿತು. ಮಗ್ಗದ ಆ ಊರಿನವರು ಅಣಕನ್ನೇ ಆರಿಸಿದ್ದರಲ್ಲಿ ಜಾಣ್ಮೆಯಿದೆ. ಮೂಲಚಿತ್ರವನ್ನು ಪ್ರೇಕ್ಷಕ ಆಗಲೇ ಬಲ್ಲನಾದ್ದರಿಂದ ಅರ್ಧ ಕೆಲಸ ಆಗಿಬಿಟ್ಟಿರುತ್ತದೆ. ಆದರೆ ತನ್ನ ಊರಿನ ಕಥೆ ಹೇಳುವಾಗ ಆ ಅರ್ಧವನ್ನೂ ತಾನೇ ಕಟ್ಟಬೇಕು.

ಕ್ಯಾಮೆರಾ ಸುಲಭವಾದ ಮೇಲೆಯೂ ಉಳಿದಿರುವ ದೊಡ್ಡ ಕೊರತೆ ಧ್ವನಿಯದು. ಹಿಂದೆ ಅಗ್ಗದ ಬಾಡಿಗೆಗೆ ಸಿಗುತ್ತಿದ್ದ ಕ್ಯಾಮೆರಾಗಳ ಸದ್ದಿನಿಂದಾಗಿ ಸ್ಥಳದಲ್ಲಿ ಆಡಿದ ಮಾತನ್ನು ಬಳಸುವಂತಿರಲಿಲ್ಲ. ಸ್ಟುಡಿಯೊದಲ್ಲಿ ಮತ್ತೆ ನುಡಿಸಬೇಕಿತ್ತು. ಹಾಗೆ ನುಡಿಸುವಾಗ ಮಾತಿನ ಏರಿಳಿತ, ಉಸಿರು, ಪದದ ಕೊನೆಯ ಎಳೆತ ಸಮನಾಗಿಬಿಡುತ್ತವೆ. ಕನ್ನಡದ ಇತರ ಪ್ರಭೇದಗಳಿಗೂ ಇದರಿಂದ ಹಾನಿಯಾಗಿದೆ. ಆದರೆ ಹಾಸ್ಯದ ಸರಕಾಗಿ ಮಾತ್ರ ತೆರೆಗೆ ಬರುತ್ತಿದ್ದ ಕಲಬುರಗಿ ಸೀಮೆಯ ಮಾತಿಗೆ ಅದು ತನ್ನ ಗಾಂಭೀರ್ಯವನ್ನು ಸ್ಥಾಪಿಸಿಕೊಳ್ಳುವ ದಾರಿಯನ್ನೇ ಮುಚ್ಚಿತು. ‘ತಿಥಿ’ಯಲ್ಲಿ ಸ್ಥಳದಲ್ಲಿಯೇ ಧ್ವನಿ ಹಿಡಿದ ನಿತಿನ್ ಲುಕೋಸ್ ಅವರ ಕೆಲಸವಿಲ್ಲದಿದ್ದರೆ ಗಡ್ಡಪ್ಪನ ಗೊಣಗು ನಮಗೆ ದಕ್ಕುತ್ತಿರಲಿಲ್ಲ. ಮೊಬೈಲಿನ ಚಿತ್ರ ಎಷ್ಟು ಚೊಕ್ಕಟವಾಗಿ ಬಂದರೂ, ಬಯಲ ಗಾಳಿಯಲ್ಲಿ ಆಡಿದ ಮಾತನ್ನು ಅದು ಹಿಡಿಯಲಾರದು. ಹಣ ಬೇಕಿರುವುದು ಇಲ್ಲಿ.

ರಾಜ್ಯ ಸರ್ಕಾರದ ಸಹಾಯಧನ ಸಣ್ಣ ಚಿತ್ರಗಳಿಗೆ ಬಹುದೊಡ್ಡ ಆಸರೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಚಿತ್ರ ಮುಗಿದು, ಸೆನ್ಸಾರ್ ಪ್ರಮಾಣಪತ್ರ ದೊರೆತು, ಆಯ್ಕೆ ಸಮಿತಿ ನೋಡಿದ ಮೇಲೆ ಬರುವ ಹಣ. ಮೊದಲೇ ಬಂಡವಾಳ ಹೂಡಬಲ್ಲವನಿಗೆ ಅದು ಮರುಪಾವತಿ; ಹೂಡಲಾರದವನಿಗೆ ಅದು ಇಲ್ಲದ ಹಾಗೆಯೇ. ಹೋಬಳಿ ಮಟ್ಟದ ಒಬ್ಬ ಯುವಕನಿಗೆ ಬೇಕಿರುವುದು ಲಕ್ಷಗಳ ಬಹುಮಾನಕ್ಕಿಂತ ಮೊದಲು, ಒಂದು ಹಂಗಾಮಿಗೆ ಬಳಸಲು ಸಿಗುವ ಒಳ್ಳೆಯ ಮೈಕು, ಧ್ವನಿ ಹಿಡಿಯಬಲ್ಲ ಒಬ್ಬ ಜೊತೆಗಾರ, ಕೂಲಿ ತಪ್ಪಿದ ದಿನಗಳಿಗೆ ಒಂದಿಷ್ಟು ಭತ್ಯೆ. ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಚಿದಾನಂದ ಎಸ್. ನಾಯ್ಕ ಅವರು ಕನ್ನಡದ ಜನಪದ ಕಥೆಯೊಂದನ್ನು ಹದಿನಾರು ನಿಮಿಷದ ಚಿತ್ರವಾಗಿಸಿ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಪಡೆದರು. ಚಿತ್ರೀಕರಣಕ್ಕೆ ನಾಲ್ಕು ದಿನ ಸಾಕಾಯಿತು. ಅದರ ಬೆನ್ನಿಗೆ ಸಂಸ್ಥೆಯೊಂದರ ಉಪಕರ, ಪಾಠ, ಸಹಪಾಠಿಗಳು ಇದ್ದರು.

ಈ ಸೀಮೆಯಲ್ಲಿ ಕೂಡಿ ಕಲೆ ಕಟ್ಟುವ ಪದ್ಧತಿಯೇ ಇಲ್ಲವೆಂದಲ್ಲ. ಜಾತ್ರೆಗೆ ಸಾಮಾಜಿಕ ನಾಟಕ ಆಡುವ ಊರುಗಳಲ್ಲಿ ಅದರ ಹಣಕಾಸಿನ ಕ್ರಮವನ್ನು ಗಮನಿಸಬೇಕು. ಊರಲ್ಲಿ ಪಟ್ಟಿ ಎತ್ತುತ್ತಾರೆ. ಪಾತ್ರ ಬೇಕಾದವನು ತನ್ನ ಪಾಲಿನ ಹಣ ತಾನೇ ಹಾಕುತ್ತಾನೆ. ನಾಟಕದ ಮಾಸ್ತರರು ತಿಂಗಳುಗಟ್ಟಲೆ ರಾತ್ರಿಯ ತಾಲೀಮು ನಡೆಸುತ್ತಾರೆ. ಸೀನು, ಪರದೆ, ಲೈಟು ಬಾಡಿಗೆಗೆ ಬರುತ್ತವೆ, ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಗೊತ್ತು ಮಾಡುತ್ತಾರೆ. ಖರ್ಚಿನಲ್ಲಿ ಯಾವುದನ್ನು ಕಡಿತ ಮಾಡಿದರೂ ಮೈಕನ್ನು ಮಾತ್ರ ಕಡಿತ ಮಾಡುವುದಿಲ್ಲ. ಮಾತು ಕೊನೆಯ ಸಾಲಿನ ಅಜ್ಜಿಗೂ ಕೇಳಬೇಕೆಂಬುದು ಅಲ್ಲಿ ಮೊದಲ ನಿಯಮ. ಒಡೆಸ್ಸಾದವರು ಹೊಸದಾಗಿ ಕಟ್ಟಿಕೊಂಡ ಜನಬಂಡವಾಳದ ಮಾದರಿ ಇಲ್ಲಿ ಹಳೆಯ ರೂಢಿಯಾಗಿಯೇ ಇದೆ. ಇದೇ ಪಟ್ಟಿಯ ಹಣದಲ್ಲಿ, ಇದೇ ತಾಲೀಮಿನ ಬಲದಲ್ಲಿ ಚಿತ್ರವೊಂದು ಹುಟ್ಟುವುದಾದರೆ ಅದರ ಕಥೆ ಯಾವುದಿರಬೇಕೆಂದು ವಿಮರ್ಶಕ ಹೇಳಲಾರ. ಆ ನಾಟಕಗಳಲ್ಲಿಯೂ ಅಣ್ಣ-ತಮ್ಮಂದಿರ ಆಸ್ತಿ ಜಗಳ ಉಂಟು, ಕಡೆಯ ಅಂಕದಲ್ಲಿ ಸಾವೂ ಉಂಟು. ಆದರೆ ಸಾವಿಗೆ ಮುಂಚೆ ಮೂರು ಅಂಕಗಳಿರುತ್ತವೆ. ನಡುನಡುವೆ ಜೋಡಿಯ ಹಾಡು, ಹಾಸ್ಯಗಾರನ ಪ್ರವೇಶ, ಮೆಚ್ಚಿದವರು ರಂಗದ ಮೇಲೇ ಹತ್ತಿ ಕೊಡುವ ಆಯೇರಿ ಎಲ್ಲ ಮುಗಿದು ಕಡೆಯ ಪರದೆ ಬೀಳುವ ಹೊತ್ತಿಗೆ ಬೆಳಗಾಗಿರುತ್ತದೆ.